ಕಳೆಗೊಬ್ಬ ವಕೀಲ

ಕಳೆ ತರಕಾರಿಯ ಶತ್ರು, ಕಂಡ ಕೂಡಲೇ ಕಿತ್ತೆಸೆಯಬೇಕು ಎಂದು ಕೃಷಿ ಪುಸ್ತಕಗಳೆಲ್ಲ ಒಂದೇ ಉಸಿರಿಗೆ ಹೇಳುತ್ತವೆ. ಅವನ್ನು ಬರೆದವರ ಮನೆಗಳಲ್ಲಿ ಅಮ್ಮ, ಹೆಂಡತಿ ಮತ್ತು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಈ ಮೂವರೂ ಇರಲಿಲ್ಲವೆಂದು ಕಾಣುತ್ತದೆ. ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಬದನೆ, ಬೆಂಡೆ, ಟೊಮೇಟೊ, ಹುರುಳಿಕಾಯಿ ಎಂದು ನಾಲ್ಕಾರು ಮಡಿಗಳಿವೆ. ಬದನೆಗೆ ಹುಳ ಬೀಳಲಿ, ಟೊಮೇಟೊ ಎಲೆ ಮುದುರಲಿ, ಯಾರೂ ತಿರುಗಿ ನೋಡುವುದಿಲ್ಲ. ನಾನು ಕುಡುಗೋಲು ಹಿಡಿದು ಒಂದು ಕಳೆಯ ಬುಡಕ್ಕೆ ಕೈಹಾಕಿದರೆ ಮಾತ್ರ ಅಡುಗೆಮನೆ ಕಿಟಕಿಯಿಂದ ಒಂದು ದನಿ, ಕಾಂಪೌಂಡಿನ ಆಚೆಯಿಂದ ಇನ್ನೊಂದು ದನಿ. ತಡೆಯಾಜ್ಞೆ!

ಗರಿಕೆಯ ಪರ ವಕಾಲತ್ತು ಹಾಕಿರುವುದು ನನ್ನ ಹೆಂಡತಿ. "ರೀ, ನಾಳಿದ್ದು ಸಂಕಷ್ಟಿ. ಗರಿಕೆ ಕೀಳ್ಬೇಡಿ" ಎನ್ನುತ್ತಾಳೆ. ಸಂಕಷ್ಟಹರ ಚತುರ್ಥಿ ಪ್ರತಿ ತಿಂಗಳೂ ಬರುವುದರಿಂದ ಈ ಆಜ್ಞೆಯ ಅವಧಿ ಮುಗಿಯುವುದೇ ಇಲ್ಲ. ಭಾದ್ರಪದದಲ್ಲಂತೂ ಬೀದಿಯ ಹೆಂಗಸರೆಲ್ಲ ತಟ್ಟೆ ಹಿಡಿದು ನಮ್ಮ ಹಿತ್ತಲಿಗೆ ಬರುತ್ತಾರೆ. ಪುಕ್ಕಟೆ ಕಳೆ ತೆಗೆದಂತಾಯಿತಲ್ಲ ಎಂದು ನೀವು ಅಂದುಕೊಂಡರೆ ಗರಿಕೆಯನ್ನು ನೀವು ಅರಿತಿಲ್ಲ. ಗಣಪತಿಗೆ ಬೇಕಾದದ್ದು ಎಳೆಯ ಕುಡಿ ಮಾತ್ರ, ಅದೂ ಇಪ್ಪತ್ತೊಂದು. ನೆಲದ ಮೇಲೂ ಒಳಗೂ ಹರಿದು, ಗಿಣ್ಣುಗಿಣ್ಣಿಗೆ ಬೇರು ಬಿಟ್ಟು, ಬದನೆಯ ಬುಡದ ತನಕ ಹೋಗಿ ಕುಳಿತಿರುವ ಬಳ್ಳಿ ಯಾರಿಗೂ ಬೇಡ. ಕುಡಿ ಚಿವುಟಿದಷ್ಟೂ ಗರಿಕೆ ದಟ್ಟವಾಗುತ್ತದೆ. ಬೇರುಸಮೇತ ಅರ್ಪಣೆ ಕೇಳುವ ದೇವರು ಯಾರಾದರೂ ಇದ್ದರೆ ನಾನು ಮನೆದೇವರನ್ನೇ ಬದಲಾಯಿಸಲು ತಯಾರಿದ್ದೇನೆ.

ಅಮ್ಮನದು ದೊಡ್ಡ ಪ್ರಾಕ್ಟೀಸು. ಗೋಣಿಸೊಪ್ಪು, ಅಣ್ಣೆಸೊಪ್ಪು, ಗಣಿಕೆ, ಹೊನಗೊನೆ, ಎಲ್ಲಿಂದಲೋ ಬಂದು ಹುಟ್ಟಿದ ಕೀರೆ, ಎಲ್ಲರೂ ಅವಳ ಕಕ್ಷಿದಾರರೇ. ಇವೆಲ್ಲ ಸೇರಿದರೆ ಬೆರಕೆ ಸೊಪ್ಪು, ಬೆರಕೆ ಸೊಪ್ಪೆಂದರೆ ಬಸ್ಸಾರು, ಬಸ್ಸಾರೆಂದರೆ ಮುದ್ದೆ. ಇಷ್ಟಾದ ಮೇಲೆ ನನ್ನ ವಾದಕ್ಕೆ ಏನು ಬೆಲೆ? ಅವಳು ಕೀಳಬೇಡ ಎನ್ನುವುದಿಲ್ಲ, ವಾಯಿದೆ ಕೇಳುತ್ತಾಳೆ. "ಇನ್ನೆರಡು ದಿನ ಬಿಡೋ, ಚೆನ್ನಾಗಿ ಚಿಗುರ್ಲಿ." ಆ ಎರಡು ದಿನದಲ್ಲಿ ಒಂದು ಮಳೆ ಬಿದ್ದು, ಅಣ್ಣೆಸೊಪ್ಪು ಬೆಳ್ಳಗೆ ತೆನೆಯೆತ್ತಿ, ಬೀಜ ಉದುರಿಸಿ ಮುಂದಿನ ವರ್ಷದ ಬಸ್ಸಾರಿಗೂ ವ್ಯವಸ್ಥೆ ಮಾಡಿಬಿಡುತ್ತದೆ. ಗೋಣಿಸೊಪ್ಪು ಇನ್ನೂ ಖದೀಮ. ಕಿತ್ತು ಮಡಿಯ ಬದುವಿನ ಮೇಲೆ ಎಸೆದರೂ ರಸಭರಿತ ದಂಟಿನ ಬಲದಲ್ಲಿ ದಿನಗಟ್ಟಲೆ ಬದುಕಿದ್ದು, ಹೂ ಇದ್ದರೆ ಬೀಜ ಕಟ್ಟುತ್ತದೆ, ತುಂಡಾಗಿದ್ದರೆ ತುಂಡಿನಿಂದಲೇ ಬೇರು ಬಿಡುತ್ತದೆ. ಎಸೆಯುವುದಾದರೆ ಬುಟ್ಟಿಗೆ ಹಾಕಿ ಹೊರಗೆ ಸಾಗಿಸಬೇಕು, ಇಲ್ಲವೇ ಒಲೆಗೆ ಸಾಗಿಸಬೇಕು. ಈ ವಿಷಯದಲ್ಲಿ ಅಮ್ಮನ ಶಾಸ್ತ್ರವೂ ಕೃಷಿಶಾಸ್ತ್ರವೂ ಒಂದೇ.

ಮೇಷ್ಟ್ರದು ಮಾತ್ರ ಕಕ್ಷಿದಾರರಿಲ್ಲದ ವಕೀಲಿ. ನೆಲನೆಲ್ಲಿ ಕಾಮಾಲೆಗೆ, ಉತ್ತರಾಣಿ ಹಲ್ಲಿಗೆ ಎಂದು ಕಾಂಪೌಂಡಿನ ಮೇಲೆ ಮೊಣಕೈಯೂರಿ ವಾದಿಸುತ್ತಾರೆ. ಅವರಿಗೆ ಕಾಮಾಲೆಯಿಲ್ಲ. ಹಲ್ಲೂ ಇಲ್ಲ. "ನನಗೋಸ್ಕರ ಅಲ್ಲಪ್ಪಾ, ನಾಳೆ ಯಾರಿಗಾದರೂ ಬೇಕಾದರೆ?" ಎನ್ನುತ್ತಾರೆ. ಆ 'ಯಾರಿಗಾದರೂ' ಎಂಬ ವ್ಯಕ್ತಿ ಇದುವರೆಗೆ ನಮ್ಮ ಗೇಟು ತಟ್ಟಿಲ್ಲ.

ಇಷ್ಟೆಲ್ಲ ಸಹಿಸಬಹುದಿತ್ತು, ಜೇಕು ಇಲ್ಲದಿದ್ದರೆ. ಇದನ್ನೇ ಕೆಲವು ಕಡೆ ಕೊನ್ನಾರಿ ಎನ್ನುತ್ತಾರೆ, ತುಂಗೆ ಎನ್ನುತ್ತಾರೆ. ನೋಡಲು ಪಾಪದ ಹುಲ್ಲು. ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಮನಸ್ಸಿಗೆ ಹಿತವಾಗುತ್ತದೆ. ಮೋಸ ಇರುವುದೇ ಅಲ್ಲಿ. ಕೈಗೆ ಬಂದದ್ದು ಗರಿ; ಗೆಡ್ಡೆ ನೆಲದಲ್ಲೇ ಉಳಿಯಿತು. ಒಂದು ಗೆಡ್ಡೆಯಿಂದ ದಾರದಂಥ ಬೇರು ಹೊರಟು ಇನ್ನೊಂದು ಗೆಡ್ಡೆ, ಅದರಿಂದ ಮತ್ತೊಂದು, ಹೀಗೆ ಸರಪಳಿ. ಮುಂದಿನ ಗೆಡ್ಡೆ ಬದುಕಿರುವ ತನಕ ಹಿಂದಿನವು ಅದರ ಅಂಕೆಯಲ್ಲಿ ನಿದ್ದೆ ಮಾಡುತ್ತಿರುತ್ತವೆ. ನೀವು ಗುದ್ದಲಿಯಿಂದ ಸರಪಳಿ ಕಡಿದಿರೋ, ಮಲಗಿದ್ದವೆಲ್ಲ ಎದ್ದು ತಂತಮ್ಮ ಸಂಸಾರ ಹೂಡುತ್ತವೆ. ಪ್ಲಾಸ್ಟಿಕ್ ಹೊದಿಸಿದರೆ ಅದರ ಮೊನೆ ಪ್ಲಾಸ್ಟಿಕ್ಕನ್ನೇ ಚುಚ್ಚಿ ಮೇಲೆ ಬರುತ್ತದೆ. 1977ರಲ್ಲಿ ಅಮೆರಿಕದ ಲೆರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳ ಕುರಿತು ದಪ್ಪ ಪುಸ್ತಕವೊಂದನ್ನು ತಂದರು. ಅದರಲ್ಲಿ ಮೊದಲ ಸ್ಥಾನ ಜೇಕಿಗೆ, ಎರಡನೆಯದು ಗರಿಕೆಗೆ. ಇಬ್ಬರೂ ನಮ್ಮ ಬೆಂಡೆಮಡಿಯ ಕಾಯಂ ನಿವಾಸಿಗಳು. ಈ ಸುದ್ದಿಯನ್ನು ಮನೆಯಲ್ಲಿ ಓದಿ ಹೇಳಿದೆ. "ಗಣಪತಿಗೆ ಇಷ್ಟವಾದದ್ದು ಅಮೆರಿಕದವರಿಗೆ ಕೆಟ್ಟದ್ದಾ?" ಎಂದಳು ಹೆಂಡತಿ. "ಮೊದಲನೇದು ಭದ್ರಮುಷ್ಟಿಯಲ್ಲವೇನಯ್ಯಾ! ಜ್ವರಕ್ಕೆ, ಅಜೀರ್ಣಕ್ಕೆ ಎಂಥಾ ಮದ್ದು!" ಎಂದರು ಮೇಷ್ಟ್ರು.

ಜೇಕು ಹೆದರುವ ವಸ್ತು ಒಂದೇ, ನೆರಳು. ಅದಕ್ಕೇ ಒಂದು ಮಡಿಯ ತುಂಬ ಅಲಸಂದೆ ಒತ್ತೊತ್ತಾಗಿ ಹಾಕಿ, ಗರಿ ಕಂಡಾಗಲೆಲ್ಲ ಬುಡದಿಂದ ಕೊಯ್ಯುತ್ತ ಬಂದೆ. ಗೆಡ್ಡೆಯಲ್ಲಿ ಕೂಡಿಟ್ಟ ಗಂಟು ಹೀಗೆ ಮೆಲ್ಲಮೆಲ್ಲನೆ ಕರಗುತ್ತದೆ. ಆದರೆ ಮಧ್ಯೆ ನೆಂಟರ ಮನೆಯ ಮದುವೆ ಬಂದು ನಾವು ನಾಲ್ಕು ದಿನ ಊರು ಬಿಟ್ಟೆವೋ, ಅದು ಅಷ್ಟನ್ನೂ ಮತ್ತೆ ಕೂಡಿಟ್ಟುಕೊಳ್ಳುತ್ತದೆ.

ಬಿಸಿಲಿನ ಚಿಕಿತ್ಸೆಯ ಕಥೆ ಹೇಳಲೇಬೇಕು. ಏಪ್ರಿಲ್-ಮೇ ಬಿಸಿಲಿನಲ್ಲಿ ಮಡಿಗೆ ಚೆನ್ನಾಗಿ ನೀರುಣಿಸಿ, ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚುಗಳ ಮೇಲೆ ಮಣ್ಣು ಮೆತ್ತಿ ಗಾಳಿಯಾಡದಂತೆ ನಾಲ್ಕರಿಂದ ಆರು ವಾರ ಬಿಟ್ಟರೆ, ಒಳಗಿನ ಹಬೆಗೆ ಮೇಲ್ಮಣ್ಣಿನ ಕಳೆಬೀಜಗಳಲ್ಲಿ ಬಹುಪಾಲು ಬೆಂದುಹೋಗುತ್ತವೆ. ಕಪ್ಪು ಹಾಳೆ ಆಗದು; ಬಿಸಿಲು ಮಣ್ಣಿನೊಳಕ್ಕೆ ಇಳಿಯಬೇಕು. ಜೇಕಿನ ಗೆಡ್ಡೆಗೆ ಇದು ಅಷ್ಟಾಗಿ ನಾಟದು, ಉಳಿದವಕ್ಕೆ ಸಾಕು. ಎಲ್ಲ ಅಚ್ಚುಕಟ್ಟಾಗಿ ಮಾಡಿ ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ಹಾಳೆಯ ತುಂಬ ಸಾಲುಸಾಲಾಗಿ ಅರಳು ಸಂಡಿಗೆ! "ಎಷ್ಟು ಅನುಕೂಲ ಮಾಡಿಕೊಟ್ಟೆ ಕಣೋ, ತಾರಸಿ ಹತ್ತೋದೇ ತಪ್ಪಿತು" ಎಂದು ಅಮ್ಮ ಸಂತೋಷಪಟ್ಟಳು. ಸಂಡಿಗೆಯ ಹತ್ತಿರ ಮಣ್ಣಿರಬಾರದೆಂದು ಅಂಚಿನ ಮೆತ್ತಿಗೆಯನ್ನೆಲ್ಲ ಗುಡಿಸಿ, ಹಾಳೆಯನ್ನು ನಾಲ್ಕು ಮೂಲೆಗೂ ಎಳೆದು ಒಂದೊಂದು ಕಲ್ಲಿಟ್ಟಿದ್ದಳು. ಹಬೆ ಊರೆಲ್ಲ ಸುತ್ತಾಡಿಕೊಂಡು ಬರಲು ದಾರಿಯಾಯಿತು. ಸಂಡಿಗೆ ಮುಗಿಯುವಷ್ಟರಲ್ಲಿ ಹಪ್ಪಳ, ಹಪ್ಪಳ ಮುಗಿಯುವಷ್ಟರಲ್ಲಿ ಮಜ್ಜಿಗೆ ಮೆಣಸಿನಕಾಯಿ. ಆ ಬೇಸಿಗೆ ಮೆಣಸಿನಕಾಯಿಯಷ್ಟು ಚೆನ್ನಾಗಿ ಒಣಗಿದ್ದು ಯಾವುದೂ ಇಲ್ಲ. ಜೂನ್ ಮಳೆಗೆ ಕಳೆಬೀಜಗಳು ಬೆಚ್ಚಗೆ ಮಲಗೆದ್ದ ಉತ್ಸಾಹದಲ್ಲಿ ಮೇಲೆದ್ದವು.

ಬೀಜಗಳ ತಾಳ್ಮೆಯೇ ಬೇರೆ. ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಕಳೆಬೀಜಗಳನ್ನು ಮರಳಿನೊಂದಿಗೆ ಇಪ್ಪತ್ತು ಬಾಟಲಿಗಳಲ್ಲಿ ತುಂಬಿ ಹೂತಿಟ್ಟರು. ಅವರು ಹೋದ ಮೇಲೂ ಶಿಷ್ಯಪರಂಪರೆ ವರ್ಷಗಟ್ಟಲೆ ಅಂತರ ಬಿಟ್ಟು ಒಂದೊಂದನ್ನೇ ಅಗೆದು ಬಿತ್ತಿ ನೋಡುತ್ತಿದೆ. 2021ರಲ್ಲಿ ತೆಗೆದ ಬಾಟಲಿಯಲ್ಲೂ ಕೆಲವು ಬೀಜಗಳು ಮೊಳೆತವು. ಮುಂದಿನ ಬಾಟಲಿಗೆ 2040, ಕೊನೆಯದಕ್ಕೆ 2100. ನನ್ನ ಗೃಹಸಾಲದ ಕಂತುಗಳೇ ದೀರ್ಘವೆಂದು ತಿಳಿದಿದ್ದೆ. ಆ ಶಿಷ್ಯರು ಬಾಟಲಿ ತೆಗೆಯುವುದು ಸೂರ್ಯ ಹುಟ್ಟುವ ಮೊದಲು, ಕತ್ತಲಲ್ಲಿ. ಬೀಜಕ್ಕೆ ಬೆಳಕು ತಾಕಬಾರದಲ್ಲ! ಎಷ್ಟೋ ಕಳೆಬೀಜಗಳಿಗೆ ಒಂದು ಕ್ಷಣದ ಬೆಳಕೇ ಎಚ್ಚರಿಕೆಯ ಗಂಟೆ. ನಾವು ಹಾರೆ ಹಾಕಿ ಮಣ್ಣು ಮಗುಚುತ್ತೇವೆ, ಆಳದಲ್ಲಿ ಮಲಗಿದ್ದವರಿಗೆ ಕಿಟಕಿ ತೆರೆದಂತಾಗುತ್ತದೆ. ಇದನ್ನು ಓದಿದ ಮೇಲೆ ರಾತ್ರಿ ಹೊತ್ತು ಮಡಿ ಅಗೆದರೆ ಹೇಗೆ ಎಂದು ಯೋಚಿಸಿದ್ದುಂಟು. ಕತ್ತಲಲ್ಲಿ ಹಿತ್ತಲು ಅಗೆಯುವವನ ಬಗ್ಗೆ ಬೀದಿಯವರು ಏನೆಂದುಕೊಳ್ಳಬಹುದೆಂದು ಹೆಂಡತಿ ಕೇಳಿದಳು. ಬಿಟ್ಟೆ.

ಮೇಷ್ಟ್ರು ಫುಕುವೋಕಾ ಪುಸ್ತಕ ತಂದುಕೊಟ್ಟು, "ಉಳಬೇಡ, ಕಳೆ ಕೀಳಬೇಡ ಅಂತ ಜಪಾನಿನ ಋಷಿಯೇ ಹೇಳಿದ್ದಾರೆ" ಎಂದರು. ಪೂರ್ತಿ ಓದಿದೆ. ಕಳೆಯನ್ನು ನಿರ್ಮೂಲ ಮಾಡಲು ಹೋಗಬೇಡ, ಹುಲ್ಲು ಹೊದಿಸಿ ಹತೋಟಿಯಲ್ಲಿಡು ಎಂದಿದ್ದಾರೆ ಅವರು. ಮೇಷ್ಟ್ರು ಅರ್ಧಕ್ಕೇ ನಿಲ್ಲಿಸಿದ್ದರು. ಉಳಿದರ್ಧವೇ ನನ್ನ ಕೈಹಿಡಿದದ್ದು. ಬೆಳಗಾಗೆದ್ದು ಗೋಣಿಚೀಲ ಹಿಡಿದು ಬೀದಿಯ ಹೊಂಗೆ ತರಗನ್ನೆಲ್ಲ ತುಂಬಿ ತರುತ್ತೇನೆ. ಮಡಿಗೆ ಮೊದಲು ಹಳೆಯ ಪತ್ರಿಕೆ, ಮೇಲೆ ಒಂದು ಗೇಣು ತರಗೆಲೆ. ಬೆಳಕಿಲ್ಲ, ಬೀಜಕ್ಕೆ ಎಚ್ಚರವಿಲ್ಲ, ನೀರೂ ಬೇಗ ಆರುವುದಿಲ್ಲ. ಸಂಪಾದಕೀಯ ಪುಟ ಹಾಸಿದ ಕಡೆ ಏನೂ ಹುಟ್ಟಲಿಲ್ಲವೆಂಬುದನ್ನು ಯಾವ ದುರುದ್ದೇಶವೂ ಇಲ್ಲದೆ ದಾಖಲಿಸುತ್ತೇನೆ. ಕೊಟ್ಟಿಗೆ ಗೊಬ್ಬರವನ್ನೂ ಚೆನ್ನಾಗಿ ಕಳಿಯುವ ತನಕ ಮುಟ್ಟುವುದಿಲ್ಲ; ಅರೆಕಳಿತದ್ದನ್ನು ಹಾಕಿದರೆ ಆ ಹಸು ಮೇದ ಊರಿನ ಕಳೆಗಳೆಲ್ಲ ಗೊಬ್ಬರದ ಜೊತೆ ವಲಸೆ ಬರುತ್ತವೆ.

ವಕೀಲರೇ ಇಲ್ಲದ ಅನಾಥ ನಮ್ಮ ಹಿತ್ತಲಲ್ಲಿ ಒಂದೇ, ಕಾಂಗ್ರೆಸ್ ಗಿಡ. ಅದನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತಂದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದರ ಸಂತತಿ ಮಳೆಗಾಲದಲ್ಲಿ ನಮ್ಮ ಬೇಲಿಯ ಮೇಲೂ ಕಾಣುತ್ತದೆ. ಕೈಗೆ ಗವಸು ಹಾಕಿ, ಹೂ ಬಿಡುವ ಮೊದಲು ಅದನ್ನು ಕೀಳುವಾಗ ಮನೆಮಂದಿಯೆಲ್ಲ ಸುಮ್ಮನಿರುತ್ತಾರೆ. ಆ ಮೌನದಲ್ಲಿ ಕೆಲಸ ಮಾಡುವುದೇ ಒಂದು ಸುಖ.

ಈ ಸಲ ಮಳೆ ಹಿಡಿದು ಕಳೆ ಮೊಣಕಾಲುದ್ದ ಬಂದಾಗ ಹಳ್ಳಿಯಿಂದ ಒಬ್ಬ ಅವ್ವನನ್ನು ಕರೆಸಿದೆ. ಒಂದೇ ಬೆಳಗಿನಲ್ಲಿ ಗರಿಕೆಯನ್ನೆಲ್ಲ ಹೆರೆದು ಹಸುವಿಗೆಂದು ಕಟ್ಟಿಕೊಂಡಳು, ಹೆಂಡತಿಗೆ ಒಂದು ಹಿಡಿ ಬಿಟ್ಟು. ಗಣಿಕೆ ಹಣ್ಣನ್ನು ಸೆರಗಿಗೆ ಹಾಕಿಕೊಂಡಳು. ನೆಲನೆಲ್ಲಿಯನ್ನು ಮೇಷ್ಟ್ರ ಕೈಗೇ ಕೊಟ್ಟಳು. ಅವರು ಅದನ್ನು ಏನು ಮಾಡುವುದೆಂದು ತಿಳಿಯದೆ ಹಿಡಿದು ನಿಂತಿದ್ದರು. ಆಮೇಲೆ ಮೂಲೆಯ ಮಡಿಗೆ ಬಂದಳು. ಪೊಟ್ಟಣಕ್ಕೆ ನೂರಿಪ್ಪತ್ತು ರೂಪಾಯಿ ಕೊಟ್ಟು ತರಿಸಿ, ದಿನವೂ ನೀರು ಚಿಮುಕಿಸಿ ನಾನು ಬೆಳೆಸಿದ್ದ ಅರುಗುಲಾ ಅಲ್ಲಿತ್ತು.

"ಇದ್ಯಾವ್ ಕಳೆ ಕಣಪ್ಪಾ? ನಮ್ಮೂರ ಕಡೆ ಕಂಡೇ ಇಲ್ವಲ್ಲ."

ಒಂದೆಲೆ ಕಿತ್ತು ಬಾಯಿಗಿಟ್ಟು, ಪಕ್ಕಕ್ಕೆ ತಿರುಗಿ ಉಗಿದಳು. ನಾನು ಕಿಟಕಿಯತ್ತ ನೋಡಿದೆ. ಹೆಂಡತಿ ಸುಮ್ಮನಿದ್ದಳು. ಕಾಂಪೌಂಡಿನ ಮೇಲೆ ಮೊಣಕೈಯೂರಿದ್ದ ಮೇಷ್ಟ್ರೂ ಸುಮ್ಮನಿದ್ದರು; ಅದು ಯಾವ ರೋಗಕ್ಕೆ ಎಂಬುದು ಅವರಿಗೂ ಹೊಳೆಯಲಿಲ್ಲ.

"ಪಿಜ್ಜಾ ಮೇಲೆ ಹಾಕ್ತಾರೆ ಅವ್ವ" ಎಂದು ನಾನೇ ವಾದಕ್ಕಿಳಿದೆ.

"ಮನೇಲಿ ಪಿಜ್ಜಾ ಮಾಡೋರು ಯಾರು?" ಎಂದಳು ಅಮ್ಮ ಒಳಗಿನಿಂದ. "ಕಿತ್ತಾಕು ಅವ್ವ. ಪಕ್ಕದಲ್ಲಿರೋ ಗೋಣಿಸೊಪ್ಪು ಮಾತ್ರ ಮುಟ್ಬೇಡ, ಇನ್ನೆರಡು ದಿನ ಚಿಗುರ್ಲಿ."