ಪುಸ್ತಕ ಬಿಟ್ಟಿ, ಬೀಗ ಕಡ್ಡಾಯ

ನಮ್ಮ ಬೆಂಗಳೂರಿನ ಬಡಾವಣೆಗೂ ಸಂಸ್ಕೃತಿ ಬಂದಿದೆ. ಪಾರ್ಕಿನ ಗೇಟಿನ ಪಕ್ಕ ನಿಲ್ಲಿಸಿದ್ದೇವೆ. ಗಾಜಿನ ಬಾಗಿಲಿನ ಮರದ ಪೆಟ್ಟಿಗೆ, ಒಳಗೆ ಪುಸ್ತಕ. ಯಾರು ಬೇಕಾದರೂ ಒಯ್ಯಬಹುದು, ಯಾರು ಬೇಕಾದರೂ ಇಡಬಹುದು. ಬೋರ್ಡಿನಲ್ಲಿ ಇಷ್ಟು ಹೇಳಲು ಒಂದು ಸಾಲು. ಉಳಿದ ಜಾಗವೆಲ್ಲ ಸಂಘದ ಪದಾಧಿಕಾರಿಗಳ ಫೋಟೊಗೆ.

ಉದ್ಘಾಟನೆಗೆ ಮಾಜಿ ಕಾರ್ಪೊರೇಟರ್ ಬಂದಿದ್ದರು. 2020ರಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಅವರಿಗೆ ಟೇಪು ಕತ್ತರಿಸುವುದೊಂದೇ ಕೆಲಸ. ಓದಿನ ಮಹತ್ವದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಒಂದು ಪುಸ್ತಕದ ಹೆಸರೂ ಬಾಯಿಗೆ ಬರಲಿಲ್ಲ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟೆವು. ಪುಸ್ತಕ ಕೊಡಬೇಕೆಂದು ನಮಗೂ ಹೊಳೆಯಲಿಲ್ಲ.

ಪೆಟ್ಟಿಗೆ ಬೇಗನೆ ತುಂಬಿತು. ಹಳೇ ಸಿಲಬಸ್ಸಿನ ಸಿಇಟಿ ಗೈಡು. ವಿಂಡೋಸ್ 98 ಕಲಿಯುವ ಕೈಪಿಡಿ. ದಿಢೀರ್ ಕೋಟ್ಯಧಿಪತಿಯಾಗುವ ವಿದ್ಯೆ. ಗೃಹಪ್ರವೇಶಕ್ಕೆ ಉಡುಗೊರೆ ಬಂದು, ಮೇಲಿನ ಪ್ಲಾಸ್ಟಿಕ್ಕೂ ಬಿಚ್ಚದ ವಾಸ್ತು ಪುಸ್ತಕ. ರದ್ದಿಯವನ ಹತ್ತಿರ ಎರಡು ರೂಪಾಯಿಗೆ ಜಗಳ ಕಾಯುವವರು ಇಲ್ಲಿ ಪುಕ್ಕಟೆ ಸುರಿದರು. ಸುರಿದು ಸೆಲ್ಫಿ ತೆಗೆದುಕೊಂಡರು.

ನವೆಂಬರಿನಲ್ಲಿ ಮೈಕು ಹಾಕಿ ಕುಣಿದ ಬಡಾವಣೆ ಇದು. ಪೆಟ್ಟಿಗೆಯಲ್ಲಿ ಕನ್ನಡ ಹುಡುಕಿದರೆ ಸಿಕ್ಕಿದ್ದು ಪಂಚಾಂಗ. ಅದೂ ಹೋದ ವರ್ಷದ್ದು.

ಐಡಿಯಾ ಅಮೆರಿಕದ್ದು. 2009ರಲ್ಲಿ ವಿಸ್ಕಾನ್ಸಿನ್‌ನ ಹಡ್ಸನ್ ಎಂಬ ಊರಲ್ಲಿ ಟಾಡ್ ಬೋಲ್ ಅನ್ನುವವರು, ಟೀಚರಾಗಿದ್ದ ತಾಯಿಯ ನೆನಪಿಗೆ, ಪುಟ್ಟ ಶಾಲೆಯಾಕಾರದ ಪೆಟ್ಟಿಗೆ ಮಾಡಿ ಮನೆ ಮುಂದೆ ನಿಲ್ಲಿಸಿದರು. ನಾವು ಪೆಟ್ಟಿಗೆಯನ್ನಷ್ಟೇ ಆಮದು ಮಾಡಿಕೊಂಡೆವು.

ಅದರಿಂದ ಪುಸ್ತಕ ಒಯ್ದು, ಓದಿ, ವಾಪಸು ತಂದಿಟ್ಟವಳು ಒಬ್ಬಳೇ. ಮೂಲೆ ಸೈಟಿನಲ್ಲಿ ಏಳುತ್ತಿರುವ ಕಟ್ಟಡದ ವಾಚ್‌ಮ್ಯಾನ್ ಮಗಳು. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಫೋಟೊ ಬಂತು. ‘ಹೊರಗಿನವರು ಪುಸ್ತಕ ಒಯ್ಯುತ್ತಿದ್ದಾರೆ, ಎಚ್ಚರ.’ ಕೆಳಗೆ ಸಾಲುಸಾಲು ಕೈಮುಗಿದ ಚಿತ್ರ. ಮರುದಿನವೇ ಬೀಗ ಬಿತ್ತು. ಬೀಗದ ಕೈ ಕಾರ್ಯದರ್ಶಿಗಳ ಮನೆಯಲ್ಲಿ. ಬೇಕಾದವರು ಭಾನುವಾರ ಹತ್ತರಿಂದ ಹನ್ನೊಂದರೊಳಗೆ ಆಧಾರ್ ಜೆರಾಕ್ಸ್ ಹಿಡಿದು ಹೋಗಬೇಕು.

ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂದು 1931ರಲ್ಲೇ ಸೂತ್ರ ಬರೆದ ಎಸ್.ಆರ್. ರಂಗನಾಥನ್ ತೀರಿಕೊಂಡದ್ದು ಇದೇ ಬೆಂಗಳೂರಿನಲ್ಲಿ. ಇದ್ದಿದ್ದರೆ ಅವರನ್ನೂ ಆಧಾರ್ ಕೇಳುತ್ತಿದ್ದೆವು.

ಇನ್ನು ದುಡ್ಡಿನ ಮಾತು. ಗ್ರಂಥಾಲಯಕ್ಕೆ ನಾವು ಆಗಲೇ ಕಾಸು ಕಟ್ಟುತ್ತಿದ್ದೇವೆ ಸ್ವಾಮಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಲೆಕ್ಕದಲ್ಲಿ, ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಸೆಸ್. ಹತ್ತು ಸಾವಿರ ತೆರಿಗೆಗೆ ಆರುನೂರು ರೂಪಾಯಿ. ವಸೂಲಿಯಲ್ಲಿ ಪಾಲಿಕೆ ಚುರುಕು. ಇಲಾಖೆಗೆ ದಾಟಿಸುವಾಗ ಮಾತ್ರ ಅದರ ಕೈ ನಡುಗುತ್ತದೆ. ಬಾಕಿ ನೂರಾರು ಕೋಟಿಗೆ ಬೆಳೆದದ್ದು ಪೇಪರುಗಳಲ್ಲಿ ಎಷ್ಟು ಸಲ ಬಂದಿಲ್ಲ? ತೆರಿಗೆಯಲ್ಲಿ ಶೇ 5 ರಿಯಾಯಿತಿ ಸಿಗುತ್ತದೆಂದು ಏಪ್ರಿಲಿನಲ್ಲಿ ಬಿದ್ದಂಬೀಳ ಓಡುವ ನಾವು, ಆ ಆರು ಎಲ್ಲಿ ಹೋಯಿತೆಂದು ಕೇಳಿದ್ದುಂಟೆ?

ನಾಲ್ಕು ಬೀದಿ ಆಚೆ ಶಾಖಾ ಗ್ರಂಥಾಲಯವಿದೆ. ಪರೀಕ್ಷೆಗೆ ಓದುವ ಹುಡುಗರು, ಪೇಪರಿಗೆ ಕಾಯುವ ಮುದುಕರು, ಸೋರುವ ಸೂರು. ಸಂಘದವರು ಯಾರೂ ಒಳಗೆ ಕಾಲಿಟ್ಟಿಲ್ಲ. ಅಲ್ಲಿ ನಮ್ಮ ಫೋಟೊ ಹಾಕುವುದಿಲ್ಲವಲ್ಲ!

ಮುಂದಿನ ಸಭೆಯಲ್ಲಿ ಒಂದೇ ವಿಷಯ. ಪೆಟ್ಟಿಗೆಗೆ ಸಿಸಿಟಿವಿ. ಕಳ್ಳರನ್ನು ಹಿಡಿಯಲು ಅಲ್ಲವಂತೆ. ರಾತ್ರಿ ಹೊತ್ತು ಬಂದು ಪೆಟ್ಟಿಗೆಯ ಕೆಳಗೆ ರದ್ದಿ ಒಟ್ಟುವವರನ್ನು ಹಿಡಿಯಲು. ದಯವಿಟ್ಟು ಹಾಕಿಸಿ. ಮೊದಲ ರಾತ್ರಿಯ ರೆಕಾರ್ಡಿಂಗಿನಲ್ಲೇ ಅಧ್ಯಕ್ಷರು ಸಿಗುತ್ತಾರೆ.