ಎಕರೆಗೆ ಹತ್ತು ಕಿಲೋ, ಮೂಗಿಗೆ ಎಷ್ಟು?

ಜ್ವರ ಬಂದವನನ್ನು ನೋಡಲು ನಮ್ಮ ವನದುರ್ಗದಲ್ಲಿ ಜನ ಬರುತ್ತಾರೆ. ಮೋಸಂಬಿ ತರುತ್ತಾರೆ, ಹೊರಸಿನ ತುದಿಗೆ ಕೂತು ಮಳೆ-ಬೆಳೆ ಮಾತಾಡುತ್ತಾರೆ. ನೆಗಡಿಯವನಿಗೆ ಆ ಮರ್ಯಾದೆ ಇಲ್ಲ. ಅವನಿಗೆ ಸಿಗುವುದು ಬರೀ ಸಲಹೆ. ಚಹದಂಗಡಿ ತನಕ ಹೋಗಿ ಬರುವಷ್ಟರಲ್ಲಿ ಒಬ್ಬರು ಶುಂಠಿ ಕಷಾಯ ಅಂದಿರುತ್ತಾರೆ, ಇನ್ನೊಬ್ಬರು ಅಜವಾನದ ಹೊಗೆ, ಮತ್ತೊಬ್ಬರು ಬೆಳ್ಳುಳ್ಳಿ ಜಜ್ಜಿ ಹಾಕಿದ ಹುರಳಿ ಕಟ್ಟು. ಎಲ್ಲವನ್ನೂ ಪಾಲಿಸಿದರೆ ಮೂಗು ಸರಿಹೋದರೂ ಹೊಟ್ಟೆ ಕೈಕೊಡುತ್ತದೆ.

ಈ ಪಟ್ಟಿಗೆ ಜಿಂಕ್ ಗುಳಿಗೆ ಸೇರಿದ್ದು ಕೊರೊನಾ ಕಾಲದಲ್ಲಿ. 2020-21ರಲ್ಲಿ ಡೋಲೋ, ಲಿಮ್ಸಿ, ಜಿಂಕೋವಿಟ್ ಎಂಬ ಮೂರು ಗುಳಿಗೆಗಳ ಹೆಸರು ಕುಲದೇವರ ಹೆಸರಿನಷ್ಟೇ ಸಲೀಸಾಗಿ ಎಲ್ಲರ ಬಾಯಲ್ಲಿ ಬಂದವು. ಅಕ್ಷರ ಬಾರದ ಮುದುಕಿಯರೂ ‘ಜಿಂಕಿನ ಗುಳಿಗಿ ಕೊಡ್ರಿ’ ಎಂದು ಕೇಳತೊಡಗಿದರು. ಹಾಗೆ ನೋಡಿದರೆ ಅವರಿಗೆ ಜಿಂಕ್ ಹೊಸದಾಗಿರಲಿಲ್ಲ. ಮೂಗಿಗೆ ಹೊಸದು, ಗದ್ದೆಗೆ ಹಳೆಯದು.

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರ ತಾಲ್ಲೂಕುಗಳಿಗೆ ಹರಿದ ಮೇಲೆ ಜೋಳ, ತೊಗರಿಯ ಕಪ್ಪುಮಣ್ಣಿಗೆ ಭತ್ತವೂ ಬಂತು. ಭತ್ತದ ಹಿಂದೆಯೇ ಗೊಬ್ಬರದಂಗಡಿಗೆ ಜಿಂಕ್ ಸಲ್ಫೇಟ್ ಚೀಲವೂ ಬಂತು. ಸುಣ್ಣದ ಅಂಶ ಹೆಚ್ಚಿರುವ ಕಪ್ಪುಮಣ್ಣಲ್ಲಿ ಜಿಂಕ್, ಅಂದರೆ ಸತು, ಇದ್ದರೂ ಬೇರಿಗೆ ದಕ್ಕುವುದಿಲ್ಲ. ಪೈರು ಕುಳ್ಳಾಗುತ್ತದೆ, ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕಿ ಏಳುತ್ತವೆ. ಖೈರಾ ಎಂದು ಕರೆಯುವ ಈ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ಪಂತನಗರದ ವೈ.ಎಲ್. ನೆನೆ 1966ರಲ್ಲಿ ತೋರಿಸಿಕೊಟ್ಟರು. ಅಂಗಡಿಯವನಿಗೆ ಈ ಚರಿತ್ರೆ ಬೇಕಿಲ್ಲ. ‘ಎಕರೆಕ್ಕ ಹತ್ತ್ ಕಿಲೋ ಹಾಕ್ರಿ, ಡಿಎಪಿ ಜೋಡಿ ಮಾತ್ರ ಕಲಸಬ್ಯಾಡ್ರಿ’ ಅನ್ನುತ್ತಾನೆ. ಅವನ ಮಾತು ಸರಿ. ಡಿಎಪಿ ಗೊಬ್ಬರದ ರಂಜಕ ಸತುವನ್ನು ಹಿಡಿದು ಕೂತರೆ ಎರಡಕ್ಕೂ ಕೊಟ್ಟ ದುಡ್ಡು ಮಣ್ಣುಪಾಲು.

ಇದೇ ಜಗಳ ನಮ್ಮ ಹೊಟ್ಟೆಯೊಳಗೂ ನಡೆಯುತ್ತದೆ. ಜೋಳ, ಗೋಧಿ, ಬೇಳೆಗಳಲ್ಲಿ ಫೈಟೇಟ್ ಎಂಬ ರಂಜಕದ ಸಂಯುಕ್ತವಿದೆ. ಅದೂ ಸತುವನ್ನು ಕಟ್ಟಿಹಾಕುತ್ತದೆ. ನೆನೆಸಿದರೆ, ಮೊಳಕೆ ಬರಿಸಿದರೆ, ಹುಳಿ ಬರಿಸಿದರೆ ಅದರ ಹಿಡಿತ ಸಡಿಲಾಗುತ್ತದೆ. ನಮ್ಮ ಖಡಕ್ ರೊಟ್ಟಿಗೆ ಆ ಯೋಗವಿಲ್ಲ. ಬಿಹಾರದ ಬಕ್ಸರಿನಲ್ಲಿ ಹುಟ್ಟಿದ ಆನಂದ ಪ್ರಸಾದ್ ಎಂಬ ವೈದ್ಯರು 1958ರಲ್ಲಿ ಇರಾನಿನ ಶಿರಾಜ್‌ನಲ್ಲಿ ಇಪ್ಪತ್ತೊಂದು ವರ್ಷದ ಒಬ್ಬನನ್ನು ಕಂಡರು. ನೋಡಲು ಹತ್ತು ವರ್ಷದ ಹುಡುಗನಂತಿದ್ದ. ಉಣ್ಣುತ್ತಿದ್ದುದು ಹೆಚ್ಚಾಗಿ ರೊಟ್ಟಿ, ಜೊತೆಗೆ ಮಣ್ಣು ತಿನ್ನುವ ಚಟ. ಮನುಷ್ಯನಿಗೂ ಸತು ಕಡಿಮೆ ಬೀಳಬಹುದು ಎಂಬ ವಿಚಾರ ವೈದ್ಯಲೋಕಕ್ಕೆ ಹೊಳೆದದ್ದು ಅಂಥವರಿಂದ. ಗದ್ದೆಯ ಕುಳ್ಳ ಪೈರನ್ನು ನೋಡಿ ಬಂದ ದಿನ ಇದನ್ನು ಓದಿದ್ದರಿಂದಲೋ ಏನೋ, ನನಗೆ ಆ ಹುಡುಗನನ್ನು ಮರೆಯಲು ಆಗಿಲ್ಲ.

ಅಲ್ಲಿಂದ ಸತು ಮೂಗಿಗೆ ಏರಿದ ಕಥೆ ಬೇರೆ. 1979ರಲ್ಲಿ ಅಮೆರಿಕದ ಆಸ್ಟಿನ್ ಊರಿನ ಜಾರ್ಜ್ ಈಬಿ ಎಂಬವರ ಮೂರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್. ಅವಳಿಗೆ ಸತುವಿನ ಗುಳಿಗೆ ಕೊಡುತ್ತಿದ್ದರು. ನೆಗಡಿ ಶುರುವಾಗಿದ್ದ ಒಂದು ದಿನ ಹುಡುಗಿ ನುಂಗಲು ಒಲ್ಲೆನೆಂದು ಹಟ ಹಿಡಿದು ಗುಳಿಗೆಯನ್ನು ಚೀಪುತ್ತ ಕೂತಳು. ಕೆಲವೇ ಗಂಟೆಗಳಲ್ಲಿ ನೆಗಡಿ ಮಾಯ. ಅಪ್ಪ ಅಲ್ಲಿಗೇ ಬಿಡಲಿಲ್ಲ, ಪ್ರಯೋಗಕ್ಕಿಳಿದ. 1984ರಲ್ಲಿ ಅದರ ಫಲಿತಾಂಶ ಅಚ್ಚಾಯಿತು: ಏಳನೆಯ ದಿನಕ್ಕೆ ಸತು ಚೀಪಿದವರಲ್ಲಿ ನೂರಕ್ಕೆ 86 ಮಂದಿ ಗುಣ, ಸುಳ್ಳು ಗುಳಿಗೆ ಚೀಪಿದವರಲ್ಲಿ 46. ಮಕ್ಕಳ ಹಟದಿಂದ ಒಂದು ಶೋಧ ಹುಟ್ಟಿತೆಂದರೆ ನಂಬಲು ನನಗೆ ಸಂತೋಷವೇ. ನಮ್ಮ ಮನೆಯಲ್ಲಿ ಅಂಥ ಹಟದಿಂದ ಹುಟ್ಟಿದ್ದು ಬರೀ ಗಲಾಟೆ.

ತೊಡಕೆಂದರೆ ಸತುವಿನ ರುಚಿ. ಒಮ್ಮೆ ಕುತೂಹಲಕ್ಕೆ ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು ಕರಗಿಸಿದೆ. ಮೊದಲು ಒಗರು, ಆಮೇಲೆ ಕಿಲುಬಿದ ಹಿತ್ತಾಳೆ ಚೊಂಬನ್ನು ನೆಕ್ಕಿದ ಹಾಗೆ, ಕೊನೆಗೆ ಹೊಟ್ಟೆಯಲ್ಲಿ ಸಣ್ಣ ತೊಳಸು. ಸಂಜೆಯ ಚಹಕ್ಕೂ ಅದೇ ರುಚಿ. ಇಂಥ ಗುಳಿಗೆಯನ್ನು ಗುಟ್ಟಾಗಿ ಪರೀಕ್ಷೆ ಮಾಡುವುದು ಹೇಗೆ? ಯಾರಿಗೆ ಅಸಲಿ, ಯಾರಿಗೆ ನಕಲಿ ಎಂದು ರೋಗಿಗೆ ಗೊತ್ತಾಗಬಾರದು, ಆದರೆ ಮುಖ ಹಿಂಡಿಕೊಂಡವನಿಗೆ ತನ್ನದು ಅಸಲಿ ಎಂದು ಗೊತ್ತಾಗಿಯೇ ಹೋಗುತ್ತದೆ. ಸತುವಿನ ಪ್ರಯೋಗಗಳ ಮೇಲೆ ಈ ಅನುಮಾನ ಇವತ್ತಿಗೂ ಇದೆ. ಅದೇ ಆನಂದ ಪ್ರಸಾದ್ ಡೆಟ್ರಾಯಿಟ್‌ನಲ್ಲಿ ಮಾಡಿದ ಪ್ರಯೋಗದಲ್ಲಿ (2000) ನೆಗಡಿ 8.1 ದಿನದಿಂದ 4.5 ದಿನಕ್ಕೆ ಇಳಿಯಿತು. ಬೇರೆಯವರು ಮಾಡಿದ ಕೆಲವು ಪ್ರಯೋಗಗಳಲ್ಲಿ ಒಂದು ತಾಸೂ ಇಳಿಯಲಿಲ್ಲ.

ಕೊರೊನಾಕ್ಕಂತೂ ಸತು ಕೈ ಎತ್ತಿತು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಮನೆಯಲ್ಲೇ ಇದ್ದ 214 ಸೋಂಕಿತರಲ್ಲಿ ಕೆಲವರಿಗೆ ಸತು, ಕೆಲವರಿಗೆ ವಿಟಮಿನ್ ಸಿ, ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದರು. ಏನೂ ಕೊಡದವರಿಗಿಂತ ಲಾಭ ಕಾಣಲಿಲ್ಲವೆಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಿ 2021ರಲ್ಲಿ ಪ್ರಕಟಿಸಿದರು. ಅಷ್ಟು ಹೊತ್ತಿಗೆ ನಮ್ಮಲ್ಲಿ ಪಟ್ಟಿಗಟ್ಟಲೆ ನುಂಗಿ ಆಗಿತ್ತು. ಮೂಗಿಗೇ ಬಳಿಯುವ ಸತುವಿನದು ಇನ್ನೂ ಕೆಟ್ಟ ಕಥೆ. ಜಿಕಾಮ್ ಎಂಬ ಮೂಗಿನ ಮುಲಾಮು ಹಚ್ಚಿದವರು ವಾಸನೆಯನ್ನೇ ಕಳೆದುಕೊಂಡೆವೆಂದು ದೂರಿದ್ದರಿಂದ 2009ರಲ್ಲಿ ಅಲ್ಲಿನ ಔಷಧ ಇಲಾಖೆ ಅದನ್ನು ಬಳಸಬೇಡಿ ಎಂದಿತು. ಒಗ್ಗರಣೆಯ ವಾಸನೆ ಬಾರದ ಮೂಗಿಗಿಂತ ಸೋರುವ ಮೂಗೇ ವಾಸಿ.

ಹಾಗೆಂದು ಸತುವನ್ನು ಬಯ್ಯಲು ನನಗೆ ಮನಸ್ಸಿಲ್ಲ. ಬಿದರಿಯ ಕರಿ ಹೂಜಿ ಬಹುಪಾಲು ಸತುವೇ, ಒಂದಿಷ್ಟು ತಾಮ್ರ. ಅದಕ್ಕೆ ಕಪ್ಪೇರಿಸುವುದು ಬೀದರ ಕೋಟೆಯ ಮಣ್ಣು. (ನಮ್ಮೂರಲ್ಲೂ ಸುರಪುರದ ನಾಯಕರ ಕಾಲದ ಕೋಟೆಯಿದೆ, ಅದರ ಮಣ್ಣನ್ನು ಈವರೆಗೆ ಯಾರೂ ಕೇಳಿಕೊಂಡು ಬಂದಿಲ್ಲ.) ಭೇದಿಯಾದ ಕೂಸುಗಳಿಗಂತೂ ಓಆರ್‌ಎಸ್ ಜೊತೆ ಸತು ಕೊಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಹೇಳಿದ ಮಾತದು: ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳೊಳಗಿನವಕ್ಕೆ 10, ಹತ್ತರಿಂದ ಹದಿನಾಲ್ಕು ದಿನ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಆ ಗುಳಿಗೆ ಇರುತ್ತದೆ. ಅದನ್ನು ಎರಡು ದಿನ ಕೊಟ್ಟು ಮೂಲೆಗೆ ಎಸೆಯುವ ನಾವೇ ಸೀನು ಬಂದಾಗ ಅಂಗಡಿಯಿಂದ ದುಡ್ಡು ಕೊಟ್ಟು ತರುತ್ತೇವೆ. ಅಂಗಡಿಯದೂ ಸಾಮಾನ್ಯವಾಗಿ ನುಂಗುವ ಗುಳಿಗೆಯೇ. ಪ್ರಯೋಗಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಚೀಪುವುದು. ತಿಂಗಳುಗಟ್ಟಲೆ ಅತಿಯಾಗಿ ತಿಂದರೆ ಸತು ಮೈಯ ತಾಮ್ರವನ್ನು ತಗ್ಗಿಸಿ ರಕ್ತಹೀನತೆ ತರುತ್ತದೆ ಎನ್ನುವುದು ಪಟ್ಟಿಯ ಹಿಂದೆ ಬರೆದಿರುವುದಿಲ್ಲ.

ಗೊಬ್ಬರದಂಗಡಿ ಕಟ್ಟೆಯ ಮೇಲೆ ಇದನ್ನೆಲ್ಲ ಹೇಳಿದಾಗ ಭತ್ತದ ರೈತರೊಬ್ಬರು ಕೇಳಿದರು: ‘ಮಣ್ಣು ತಪಾಸ ಮಾಡಿಸಿ ಜಿಂಕ್ ಹಾಕ್ತೀವಿ. ಮನಷ್ಯಾಂದೂ ಮಾಡಿಸಬೌದಲ್ಲ?’ ಮಣ್ಣಿಗೆ ಲೆಕ್ಕ ನೆಟ್ಟಗಿದೆ, 0.6 ಪಿಪಿಎಂಗಿಂತ ಕಡಿಮೆ ಇದ್ದರೆ ಕೊರತೆ. ರಕ್ತದ್ದು ಹಾಗಲ್ಲ, ಸೋಂಕು ತಗುಲಿದಾಗ ಅದರಲ್ಲಿನ ಸತು ತಾನೇ ಇಳಿಯುತ್ತದೆ. ನೆಗಡಿಯಲ್ಲಿ ಅಳೆದರೆ ಎಲ್ಲರೂ ಬಡವರಂತೆ ಕಾಣುವರು. ಔಷಧ ತಗೊಂಡರೆ ಏಳು ದಿನ, ಬಿಟ್ಟರೆ ಒಂದು ವಾರ ಎಂಬ ಹಳೆಯ ಮಾತನ್ನು ತಿದ್ದುವಂಥ ಸುದ್ದಿಯನ್ನೂ ಅವರಿಗೆ ಹೇಳಿದೆ. 2024ರಲ್ಲಿ ಕಾಕ್ರೇನ್ ಸಂಸ್ಥೆಯವರು 34 ಪ್ರಯೋಗಗಳನ್ನು ಜಾಲಿಸಿ ನೋಡಿದರು. ಸತು ನೆಗಡಿಯನ್ನು ತಡೆಯುವುದು ಕಾಣಲಿಲ್ಲ, ಬಂದದ್ದನ್ನು ಎರಡು ದಿನದಷ್ಟು ತಗ್ಗಿಸಬಹುದು, ಅದೂ ಗಟ್ಟಿ ಭರವಸೆಯಿಲ್ಲ.

ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ‘ಎರಡ್ ದಿನಾ ಲಗೂನ ಆರಾಮಾದ್ರ ಎರಡ್ ದಿನಾ ಲಗೂನ ಕಳೆ ತೆಗಿಲಾಕ ಹೋಗ್ಬೇಕಲ್ರೀ?’ ಎಂದು ಮೂಗು ಒರೆಸಿಕೊಂಡು, ಗದ್ದೆಗೆ ಹತ್ತು ಕಿಲೋ ತೂಗಿಸಿದರು.