ವಿರೂಪಚಿತ್ರ ಮೀಮಾಂಸೆ

ದೇವನಹಳ್ಳಿಯ ವಿಮಾನನಿಲ್ದಾಣದ ಮಗ್ಗುಲಲ್ಲಿ ವಿಮಾನದ ಬಿಡಿಭಾಗಗಳನ್ನು ಕಡೆಯುವ ಕಾರ್ಖಾನೆಗಳಲ್ಲಿಯೂ, ಹೊಸಕೋಟೆಯ ಲಾರಿ ಕಾರ್ಖಾನೆಯ ಆಸುಪಾಸಿನಲ್ಲಿಯೂ, ದೊಡ್ಡಬಳ್ಳಾಪುರದ ಮಗ್ಗಗಳ ಸದ್ದನ್ನು ದಾಟಿದರೆ ಸಿಕ್ಕುವ ಕೈಗಾರಿಕಾ ಪ್ರದೇಶದಲ್ಲಿಯೂ ಗಣಕಯಂತ್ರದ ತೆರೆಯ ಮೇಲೆ ನಿತ್ಯವೂ ಆವಿರ್ಭವಿಸುವ, ಭಾರಕ್ಕೆ ವಸ್ತುವು ಹೇಗೆ ಬಾಗುವುದೆಂದು ತೋರಿಸುವ ‘ಡಿಫಾರ್ಮೇಷನ್ ಪ್ಲಾಟ್’ ಎಂಬ ಚಿತ್ರಪ್ರಕಾರವನ್ನು ನಮ್ಮ ಲಾಕ್ಷಣಿಕರು ಇಂದಿನವರೆಗೆ ಉಪೇಕ್ಷಿಸಿರುವುದು ಶೋಚನೀಯವಾದ ಸಂಗತಿ.

ಈ ಪ್ರಕಾರದ ಜೀವಾಳವು ಅತಿಶಯೋಕ್ತಿಯೆಂಬುದು ನಿರ್ವಿವಾದ. ಭಾಮಹನು ಅಲಂಕಾರಗಳಿಗೆಲ್ಲ ಅತಿಶಯವೇ ಮೂಲವೆಂದು ಬಗೆದನು. ಸಾಲಿಡ್‌ವರ್ಕ್ಸ್ ಎಂಬ ಈ ಚಿತ್ರಗಳನ್ನು ಬಿಡಿಸುವ ತಂತ್ರಾಂಶವಾದರೋ ಒಂದು ಹೆಜ್ಜೆ ಮುಂದೆ ಹೋಗಿ, ಅತ್ಯಧಿಕ ಸ್ಥಾನಾಂತರವು ವಸ್ತುವಿನ ಗಾತ್ರದ ಶೇಕಡಾ 10ರಷ್ಟಾಗಿ ತೋರಬೇಕೆಂದು ಅತಿಶಯಕ್ಕೇ ಪ್ರಮಾಣವನ್ನು ವಿಧಿಸಿತು. 200 ಮಿ.ಮೀ. ಉದ್ದದ ಬ್ರಾಕೆಟ್ಟೊಂದು ಭಾರಕ್ಕೆ 0.08 ಮಿ.ಮೀ. ಬಾಗಿತೆನ್ನಿ, ಚಿತ್ರದಲ್ಲಿ ಅದು 20 ಮಿ.ಮೀ. ಬಾಗಿದಂತೆ ತೋರುವುದು, ಎಂದರೆ ಸತ್ಯದ 250 ಪಟ್ಟು. ಯಾವ ಆಸ್ಥಾನಕವಿಯೂ ದೊರೆಯ ಭುಜಬಲವನ್ನು ಹೀಗೆ ಲೆಕ್ಕವಿಟ್ಟು ಹೊಗಳಿದುದಿಲ್ಲ. ಹೊಗಳಿದ ಮೇಲೆ ಎಷ್ಟು ಪಟ್ಟು ಹಿಗ್ಗಿಸಿದೆನೆಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿಟ್ಟುದಂತೂ ಇಲ್ಲವೇ ಇಲ್ಲ. ಆ ಸಣ್ಣಕ್ಷರವನ್ನು ಓದದವನಿಗೆ ಉಂಟಾಗುವುದು ವೇದಾಂತಿಗಳ ರಜ್ಜುಸರ್ಪಭ್ರಾಂತಿ. ನೆಟ್ಟಗಿನ ಸರಳು ಹಾವಾಗಿ ಕಂಡಿತೆಂದು ಅಂಥವನು ದೋಷಪರಿಹಾರಕ್ಕಾಗಿ ಘಾಟಿ ಸುಬ್ರಹ್ಮಣ್ಯಕ್ಕೆ ಹೊರಡಬೇಕಾದುದಿಲ್ಲ. ಹಿಗ್ಗಿಸುವ ಆ ಗುಣಕವನ್ನು 1ಕ್ಕೆ ಇಳಿಸಿದರೆ ಸಾಕು.

ಇನ್ನು ವರ್ಣವಿಚಾರ. ಚಿತ್ರದಲ್ಲಿ ಅತ್ಯಧಿಕಕ್ಕೆ ಕೆಂಪು, ಅತ್ಯಲ್ಪಕ್ಕೆ ನೀಲಿ. ಕೆಂಪಿರುವೆಡೆಯಲ್ಲಿಯೇ ಮುರಿಯುವುದೆಂಬುದು ಪೂರ್ವಪಕ್ಷ. ನೆಲಮಂಗಲದ ಕಡೆಯ ಯಜಮಾನರೊಬ್ಬರು ಈ ಪಕ್ಷವನ್ನು ಮೇಜು ಗುದ್ದಿ ಸಮರ್ಥಿಸಿದುದುಂಟು. ಒಂದು ಕೊನೆಯನ್ನು ಗೋಡೆಗೆ ಬೋಲ್ಟಿನಿಂದ ಬಿಗಿದ ಬ್ರಾಕೆಟ್ಟಿನಲ್ಲಿ ಸ್ಥಾನಾಂತರದ ಕೆಂಪು ಬಿಡುತುದಿಯಲ್ಲಿ ಮೂಡಿದರೆ, ರಿಚರ್ಡ್ ಫಾನ್ ಮೀಸೆಸ್ 1913ರಲ್ಲಿ ಪ್ರತಿಪಾದಿಸಿದ ಮಾನದಂಡದಂತೆ ಬಿಡಿಸಿದ ಪ್ರತಿಬಲಚಿತ್ರದ ಕೆಂಪು ಬುಡದಲ್ಲಿ, ಆ ಬಿಗಿದೆಡೆಯಲ್ಲಿಯೇ, ಮೂಡುವುದು. ಅತಿಯಾಗಿ ಚಲಿಸಿದ್ದು ಸುಖವಾಗಿದೆ. ನರಳುತ್ತಿರುವುದು ಅಲುಗದೆ ನಿಂತದ್ದು. ಇದನ್ನರಿಯದೆ ಕೆಂಪು ತುದಿಗೆ ಇನ್ನಷ್ಟು ಉಕ್ಕನ್ನು ಬೆಸೆಯುವವನು ಬುಡದ ಕಷ್ಟವನ್ನು ಹೆಚ್ಚಿಸುವನಲ್ಲದೆ ತಗ್ಗಿಸನು.

ಉಷ್ಣಪ್ರಕರಣದಲ್ಲಿ ಈ ತತ್ತ್ವವು ಪರಾಕಾಷ್ಠೆಯನ್ನು ಮುಟ್ಟುತ್ತದೆ. ಒಂದು ಮೀಟರು ಉದ್ದದ ಅಲ್ಯೂಮಿನಿಯಮ್ ಸರಳನ್ನು 40 ಡಿಗ್ರಿಯಷ್ಟು ಕಾಯಿಸಿ ಅದರ ಪಾಡಿಗೆ ಬಿಟ್ಟರೆ ಸುಮಾರು 0.92 ಮಿ.ಮೀ. ಬೆಳೆದು ಚಿತ್ರದಲ್ಲಿ ಕೆಂಪೇರುವುದು, ಆದರೆ ಒಡಲಲ್ಲಿ ಪ್ರತಿಬಲವು ಸೊನ್ನೆ. ಎರಡು ಕೊನೆಗಳನ್ನೂ ಬಿಗಿದು, ಬಾಗದಷ್ಟು ದಪ್ಪನಾದ ಸರಳನ್ನೇ ಆಯ್ದು, ಅಷ್ಟೇ ಕಾಯಿಸಿದರೆ ಉದ್ದಕ್ಕೆ ಕೂದಲೆಳೆಯಷ್ಟೂ ಸರಿಯದು, ಮೊದಲಿನ ಬಣ್ಣದ ಪಟ್ಟಿಯಲ್ಲಿಯೇ ನೋಡಿದರೆ ಉದ್ದದ ದಿಕ್ಕಿನ ಸ್ಥಾನಾಂತರಚಿತ್ರ ನೀಲಿಯಾಗಿ ಪ್ರಶಾಂತವಾಗಿಯೇ ಇರುವುದು. ಒಳಗೆ ಮಾತ್ರ ಸುಮಾರು 64 ಮೆಗಾಪ್ಯಾಸ್ಕಲಿನ ಒತ್ತಡ. ಕಚೇರಿಗಳಲ್ಲಿ ದುಡಿಯುವವರಿಗೆ ಇದನ್ನು ವ್ಯಾಖ್ಯಾನಿಸಿ ಹೇಳಬೇಕಾಗಿಲ್ಲ.

ಆದಕಾರಣ ಜಿಜ್ಞಾಸುವು ಮೊದಲು ಗುಣಕವನ್ನೂ, ಬಳಿಕ ಬಣ್ಣದ ಪಟ್ಟಿಯ ಶೀರ್ಷಿಕೆಯನ್ನೂ ಏಕಮಾನವನ್ನೂ ಓದಿ, ಬಿಗಿದ ಎಡೆಗಳನ್ನು ಗುರುತಿಸಿಕೊಂಡು, ಕಟ್ಟಕಡೆಗೆ ಚಿತ್ರವನ್ನು ನೋಡತಕ್ಕದ್ದು. ಗುಣಕವು 1 ಆದಾಗ ಸರಳು ಮೊದಲಿನಂತೆಯೇ ನೆಟ್ಟಗೆ ಕಾಣುವುದರಿಂದ, “ಏನೂ ಆಗಿಲ್ಲವಲ್ಲ, ಇದಕ್ಕೇಕೆ ಇಷ್ಟು ದುಡ್ಡು ಸುರಿದಿರಿ?” ಎಂದು ಕೇಳುವ ಯಜಮಾನರಿಗೆ ಸಮಾಧಾನ ಹೇಳುವ ಹೊಣೆ ಈ ಶಾಸ್ತ್ರದ್ದಲ್ಲ.